ಗುಬ್ಬಿ ಕಾರ್ಡು, ಬೂದು ಕಾರ್ಡು

ಮಾರ್ಚ್ 2, ಭಾನುವಾರ

ಅಲ್ಲ, ಶೂನ್ಯ ಅಂದಮೇಲೆ ಶೂನ್ಯವೇ ತಾನೇ? ಅದರಲ್ಲಿ ಸಣ್ಣ ಶೂನ್ಯ, ದೊಡ್ಡ ಶೂನ್ಯ ಅಂತ ಬೇರೆ ಇರುತ್ತದೆಯೇ? ಬೆಳಗ್ಗೆಯಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಒಂದು ಕ್ರೆಡಿಟ್ ಕಾರ್ಡಿನ ಸಾಲವನ್ನು ಎತ್ತಿ ಇನ್ನೊಂದು ಕಾರ್ಡಿಗೆ ಹಾಕಬಹುದಂತೆ. ಹೊಸ ಕಾರ್ಡಿನವರು ಕೆಲವು ತಿಂಗಳು ಅದಕ್ಕೆ ಬಡ್ಡಿಯನ್ನೇ ಕೇಳುವುದಿಲ್ಲವಂತೆ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಇಷ್ಟು ದಿನ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಮ್ಮ ಗಾಯಕಿ ಗುಬ್ಬಿ ಯಾವ ಊರಿನ ವೇದಿಕೆಯಲ್ಲಿ ಯಾವ ಬಣ್ಣದ ಬೂಟು ಹಾಕಿದ್ದಳು ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ನನ್ನದೇ ಕಾರ್ಡಿನ ಬಡ್ಡಿ ಎಷ್ಟು ಎಂದು ಮಾತ್ರ ಇವತ್ತು ಹುಡುಕಿ ನೋಡಬೇಕಾಯಿತು.

ತಿಂಗಳಿಗೆ ನೂರಕ್ಕೆ ಮೂರೂವರೆ. ಸಾಲ ಎಂಬತ್ತನಾಲ್ಕು ಸಾವಿರ. ತಿಂಗಳು ತಿಂಗಳೂ ‘ಕನಿಷ್ಠ ಮೊತ್ತ’ ಎಂದು ನಾಲ್ಕು ಸಾವಿರದ ಇನ್ನೂರು ಕಟ್ಟಿ ದೊಡ್ಡ ಜವಾಬ್ದಾರಿಯವಳ ಹಾಗೆ ಬೀಗುತ್ತಿದ್ದೆನಲ್ಲ, ಅದರಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಬರೀ ಬಡ್ಡಿಗೇ ಹೋಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಎಂದರೆ ಇದೇ.

ಸಾಲ ಆದದ್ದು ಹೇಗೆ ಎಂದು ಬರೆಯಲು ನಾಚಿಕೆಯೇನಿಲ್ಲ. ನಾನು ಗುಬ್ಬಿ ಅಭಿಮಾನಿ ಬಳಗದ ಖಜಾಂಚಿ! ಗುಂಪಿನಲ್ಲಿ ಇಪ್ಪತ್ತೊಂದು ಜನ, ಕಾರ್ಡು ಇದ್ದದ್ದು ನನ್ನೊಬ್ಬಳ ಹತ್ತಿರ. ಗುಬ್ಬಿಯ ಎರಡು ದಿನದ ಕಾರ್ಯಕ್ರಮಕ್ಕೆ ಎಲ್ಲರ ಟಿಕೆಟ್ಟೂ ನಾನೇ ತೆಗೆದೆ. ಕಾರ್ಯಕ್ರಮದಲ್ಲಿ ಬೀಸುವ ಹೊಳೆಯುವ ಕೋಲು, ಶಾಲು, ಆಲ್ಬಂ, ಎಲ್ಲ ಒಟ್ಟಿಗೆ ತರಿಸಿದರೆ ಸಾಗಣೆ ಉಚಿತ ಎಂದು ಅವೂ ನನ್ನ ಕಾರ್ಡಿನಿಂದಲೇ. ಬಹಳ ಜನ ಕೊಟ್ಟರು. ಕೆಲವರು ‘ಮುಂದಿನ ತಿಂಗಳು’ ಎಂದರು. ಅವರಿಂದ ಬರಬೇಕಾದದ್ದು ಮೂವತ್ತೊಂದು ಸಾವಿರ. ಮಿಕ್ಕಿದ್ದೆಲ್ಲ ನನ್ನದೇ. ಒಂದೇ ಆಲ್ಬಂ ನಾಲ್ಕು ಬಣ್ಣದ ಡಬ್ಬಿಯಲ್ಲಿ ಬಂದರೆ ಮೂರನ್ನು ಅನಾಥ ಮಾಡಲು ಮನಸ್ಸು ಬರುತ್ತದೆಯೇ?

ಈಗ ಅವಸರ ಯಾಕೆಂದರೆ ಅಕ್ಕ. ಬೇರೆಯವರ ಸಲೂನಿನಲ್ಲಿ ನಿಂತುಕೊಂಡೇ ಕೂದಲು ಕತ್ತರಿಸಿ ಕತ್ತರಿಸಿ ಅವಳ ಪಾದ ಊದುತ್ತದೆ. ಬಸ್ ನಿಲ್ದಾಣದ ಪಕ್ಕ ಎರಡು ಕುರ್ಚಿ ಹಿಡಿಸುವ ಅಂಗಡಿಯೊಂದು ಬಾಡಿಗೆಗೆ ಸಿಕ್ಕಿದೆ. ಆದರೆ ಸಂಬಳ ಬರುವ, ಬ್ಯಾಂಕಿನಲ್ಲಿ ಒಳ್ಳೆ ಹೆಸರಿರುವ ಒಬ್ಬರ ಜಾಮೀನು ಬೇಕು ಎಂದು ಮಾಲೀಕಮ್ಮ ಹೇಳಿದ್ದಾರಂತೆ. ಏಪ್ರಿಲ್ ಹತ್ತರೊಳಗೆ.

‘ನಿಂದೊಂದು ಸಹಿ ಸಾಕು ಪುಟ್ಟಿ,’ ಎಂದಳು ಅಕ್ಕ. ‘ಕನ್ನಡಕದಂಗಡೀಲಿ ಮೂರು ವರ್ಷದಿಂದ ಇದೀಯಾ. ನಿನ್ನ ಹೆಸರಲ್ಲೇನು ಕಪ್ಪು ಚುಕ್ಕೆ ಇದೆ?’

ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ಗೊತ್ತಿಲ್ಲ.

ಮಾರ್ಚ್ 5, ಬುಧವಾರ

ಐದು ಕಾರ್ಡು ಆರಿಸಿ ಪಟ್ಟಿ ಮಾಡಿದೆ. ನಾವು ಆಲ್ಬಮ್ಮುಗಳಿಗೆ ಅಂಕ ಕೊಡುತ್ತೇವಲ್ಲ, ಹಾಗೇ. ಎಷ್ಟು ತಿಂಗಳು ಶೂನ್ಯ, ಸಾಲ ಎತ್ತಿ ಹಾಕಲು ಎಷ್ಟು ಶುಲ್ಕ, ವರ್ಷದ ಖರ್ಚು ಎಷ್ಟು, ನೋಟ ಹೇಗಿದೆ. ಒಂದರಲ್ಲಿ ಶುಲ್ಕವೇ ಇಲ್ಲ, ಆದರೆ ಶೂನ್ಯ ಆರೇ ತಿಂಗಳು. ಇನ್ನೊಂದರಲ್ಲಿ ಹನ್ನೆರಡು ತಿಂಗಳು, ಶುಲ್ಕ ನೂರಕ್ಕೆ ಮೂರು. ಇದರ ಬಣ್ಣ ಬೂದು, ಮೇಲೊಂದು ಗೆರೆ ಕೂಡ ಇಲ್ಲ, ಬಣ್ಣ ಹೊಡೆಯದ ಗೋಡೆಯ ಹಾಗಿದೆ. ನೋಟಕ್ಕೆ ಹತ್ತರಲ್ಲಿ ಒಂದು ಕೊಟ್ಟೆ, ಅದೂ ಕನಿಕರದಿಂದ.

ಐದನೆಯದು ಗುಬ್ಬಿ ಕಾರ್ಡು! ಗುಬ್ಬಿಯ ಚಿತ್ರ, ಅಂಚಿಗೆ ಚಿನ್ನದ ರೆಕ್ಕೆ, ಟಿಕೆಟ್ ಬಿಟ್ಟಾಗ ಮೊದಲ ಸರದಿ, ಕರಪತ್ರದ ತುಂಬ ದಪ್ಪಕ್ಷರದಲ್ಲಿ ‘ಹದಿನೆಂಟು ತಿಂಗಳು ಶೂನ್ಯ’. ನೋಟಕ್ಕೆ ಹತ್ತಕ್ಕೆ ಹನ್ನೊಂದು.

ಗುಂಪಿನಲ್ಲಿ ಮತಕ್ಕೆ ಹಾಕಿದೆ. ಸ್ನೇಹಿತೆಯೊಬ್ಬಳಿಗೆ ಬೇಕಾಗಿದೆ ಎಂದೆ.

‘ಇದನ್ನೂ ಕೇಳ್ಬೇಕಾ ಖಜಾಂಚಿ? ಗುಬ್ಬಿ ಇರೋವಾಗ ಗೋಡೆ ಯಾಕೆ?’ ಎಂದ ಡ್ರಮ್ಮು. ಅವನು ಕಾರ್ಯಕ್ರಮದಲ್ಲಿ ಮುಂದಿನವರ ಬೆನ್ನಿನ ಮೇಲೆ ತಾಳ ಹಾಕುತ್ತಾನೆ, ಅದಕ್ಕೇ ಆ ಹೆಸರು.

‘ನಿಮ್ಮ ಸ್ನೇಹಿತೆ ಸಾಲಾನೂ ಗುಬ್ಬಿನೇ ತೀರಿಸ್ತಾಳೆ ಬಿಡಿ,’ ಎಂದರು ಅಡ್ಮಿನ್ ಅಣ್ಣ. ಗುಂಪು ಕಟ್ಟಿದವರು ಅವರು, ಸ್ವಂತ ಮೊಬೈಲ್ ಅಂಗಡಿ ಇದೆ, ಅವರ ಮಾತೆಂದರೆ ನಮಗೆಲ್ಲ ಮಾತು.

ವರ್ಷಕ್ಕೆ ನಾಲ್ಕು ಸಲ ಬಾಯಿ ಬಿಡುವ, ಅದಕ್ಕೇ ಸೈಲೆಂಟ್ ಎಂದು ಹೆಸರಾದವಳು ಮಾತ್ರ, ‘ಹಿಂದಿರೋ ಸಣ್ಣಕ್ಷರ ಓದಿದ್ರಾ?’ ಎಂದು ಕೇಳಿದಳು. ಅವಳ ಮೇಲೆ ಹದಿನೈದು ನಗುವ ಮುಖಗಳು ಬಿದ್ದವು. ಒಂದು ನನ್ನದು.

ಗುಬ್ಬಿ ಕಾರ್ಡಿಗೆ ಹದಿನೆಂಟು ಮತ.

ಮಾರ್ಚ್ 9, ಭಾನುವಾರ

ಎಲ್ಲ ಐದಕ್ಕೂ ಅರ್ಜಿ ಹಾಕಿಬಿಟ್ಟೆ! ಒಂದನ್ನೇ ಹಿಡಿದು ಕಾಯುವುದು ಹೊಸಬರು ಮಾಡುವ ಕೆಲಸ. ಟಿಕೆಟ್ ಬಿಟ್ಟ ದಿನ ನಾವೇನು ಮಾಡುತ್ತೇವೆ? ಐದು ಕಿಟಕಿ ತೆರೆದಿಡುತ್ತೇವೆ, ಯಾವುದು ಮೊದಲು ಒಳಗೆ ಬಿಡುತ್ತದೋ ಅದರಲ್ಲಿ ನುಗ್ಗಿ ಮಿಕ್ಕಿದ್ದನ್ನು ಮುಚ್ಚುತ್ತೇವೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಕ್ಕ ಕೆಲಸಕ್ಕೆ ಹೊರಡುವಷ್ಟರಲ್ಲಿ ಐದೂ ಮುಗಿದಿತ್ತು.

‘ಬೆಳಗ್ಗೆ ಬೆಳಗ್ಗೆ ಏನೇ ಅಷ್ಟು ಕುಟ್ತಿದೀಯ?’

‘ನಿನಗೇ ಒಳ್ಳೇದಾಗೋ ಕೆಲಸ ಕಣೇ.’

‘ಅಯ್ಯೋ, ಹಾಗಾದ್ರೆ ಭಯ ಆಗುತ್ತೆ,’ ಎಂದು ಚಪ್ಪಲಿ ಮೆಟ್ಟಿದಳು.

ಮಾರ್ಚ್ 10, ಸೋಮವಾರ

ಯಾರಿಂದಲೂ ಉತ್ತರವಿಲ್ಲ. ಗುಬ್ಬಿಯ ಹೊಸ ಹಾಡಿನ ತುಣುಕು ಬಂತು. ಕೆಲಸದಲ್ಲಿ ಲೆನ್ಸ್ ಉಜ್ಜುತ್ತಾ ಅದನ್ನೇ ಕೇಳುತ್ತಿದ್ದೆ, ಅಂಚು ಜಾಸ್ತಿ ಸವೆದು ಎರಡು ಲೆನ್ಸ್ ಹಾಳಾಯಿತು. ಯಜಮಾನರು ಎರಡನ್ನೂ ನನ್ನ ಮೇಜಿನ ಮೇಲೆ ಕಾಣುವ ಹಾಗೆ ಇಟ್ಟು ಹೋದರು. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ 13, ಗುರುವಾರ

ಇಲ್ಲ. ಇಲ್ಲ. ಇಲ್ಲ.

ಮೂರು ಬ್ಯಾಂಕಿನವರೂ ಒಂದೇ ದಿನ. ಮೂರು ಸಂದೇಶಗಳಲ್ಲೂ ಒಂದೇ ನಯವಾದ ಭಾಷೆ, ಒಬ್ಬರೇ ಬರೆದುಕೊಟ್ಟ ಹಾಗೆ. ನಾಲ್ಕನೆಯವರು, ಬೂದು ಕಾರ್ಡಿನವರು, ಫೋನ್ ಮಾಡಿದರು. ಹೆಂಗಸಿನ ಧ್ವನಿ, ಹಿಂದೆ ಯಾರೋ ಕಾಗದ ಹರಿಯುತ್ತಿದ್ದ ಸದ್ದು.

‘ಐದು ಕಡೆ ಒಂದೇ ಬೆಳಗ್ಗೆ ಅರ್ಜಿ ಹಾಕಿದೀರಲ್ಲಮ್ಮ, ಏನಾದ್ರೂ ತೊಂದ್ರೇಲಿದೀರಾ?’

‘ಇಲ್ಲ ಮೇಡಂ, ಯಾವ್ದು ಮೊದ್ಲು ಬರುತ್ತೋ ಅದನ್ನ ಹಿಡಿಯೋಣ ಅಂತ.’

‘ಬಸ್ಸಾ ಇದು?’

ಆಮೇಲೆ ಅವರೇ ಬಿಡಿಸಿ ಹೇಳಿದರು. ಪ್ರತಿ ಅರ್ಜಿಯೂ ನಮ್ಮ ಸಾಲದ ದಾಖಲೆಯಲ್ಲಿ ಒಂದು ಗುರುತು ಬಿಡುತ್ತದೆ, ಅದು ಎಲ್ಲ ಬ್ಯಾಂಕಿಗೂ ಕಾಣುತ್ತದೆ. ‘ಒಂದು ಮನೆ ಬಾಗ್ಲು ತಟ್ಟಿದ್ರೆ ನೆಂಟ್ರು ಬಂದ್ರು ಅಂತಾರೆ. ಐದು ಮನೆ ಬಾಗ್ಲು ಒಟ್ಟಿಗೆ ತಟ್ಟಿದ್ರೆ ಏನಂತಾರೆ, ನೀವೇ ಹೇಳಿ?’

ಸಂಬಳದ ಚೀಟಿ ತೆಗೆದುಕೊಂಡು ಶನಿವಾರ ಬರಲು ಹೇಳಿದ್ದಾರೆ, ‘ಈ ವಾರ ಅಲ್ಲ, ಬರೋ ವಾರ. ಅಲ್ಲೀವರೆಗೂ ಇನ್ನೆಲ್ಲೂ ತಟ್ಟಬೇಡಿ’ ಎಂದೂ ಹೇಳಿದರು.

ಕಪ್ಪು ಚುಕ್ಕೆ ಏನಿದೆ ಎಂದು ಅಕ್ಕ ಕೇಳಿದ್ದಳು. ನಾನೇ ಕುಳಿತು, ಖುಷಿಯಾಗಿ, ಐದು ಇಟ್ಟುಬಂದೆ.

ಮಾರ್ಚ್ 14, ಶುಕ್ರವಾರ

ಗುಬ್ಬಿ ಕಾರ್ಡಿನವರು ಒಪ್ಪಿದರು!! ಇಡೀ ಮೊತ್ತಕ್ಕೆ! ಒಪ್ಪಿಗೆಯ ಗುಂಡಿ ಒತ್ತಲು ಒಂದು ವಾರ ಸಮಯವಿದೆ. ಲೋಕವೇ ಬಾಗಿಲು ಹಾಕಿದಾಗ ತೆರೆದವಳು ಯಾರು ನೋಡಿ. ಕರಪತ್ರವನ್ನು ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಸೋಮವಾರ ಒತ್ತುತ್ತೇನೆ, ಗುಬ್ಬಿಯ ಮೊದಲ ಹಾಡು ಬಂದದ್ದೂ ಒಂದು ಸೋಮವಾರ.

ಮಾರ್ಚ್ 17, ಸೋಮವಾರ

ಇವತ್ತು ಒಬ್ಬ ಗಿರಾಕಿ ಬಂದಿದ್ದರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವ ಕನ್ನಡಕ ಮಾಡಿಕೊಟ್ಟಿದ್ದೆವು. ಅಂಥದ್ದು ಕೊಟ್ಟಾಗ ಓದಿಸಿ ನೋಡಲೇಬೇಕು. ಓದಿಸುವ ಹಾಳೆ ಯಜಮಾನರು ಎಲ್ಲೋ ಇಟ್ಟಿದ್ದರು, ಸಿಗಲಿಲ್ಲ. ಕೈಗೆ ಸಿಕ್ಕಿದ ಗುಬ್ಬಿ ಕರಪತ್ರ ಕೊಟ್ಟೆ.

‘ದೊಡ್ಡದು ಕಾಣುತ್ತಮ್ಮ. ಹದಿನೆಂಟು ತಿಂಗ್ಳು ಶೂನ್ಯ. ಈ ಹುಡುಗಿ ಯಾರು, ಸ್ವಲ್ಪ ಕುತ್ತಿಗೆ ಉದ್ದ ಬರೆದಿದಾರೆ.’

‘ಅದು ಫೋಟೋ ಸಾರ್. ಈಗ ತಲೆ ಬಗ್ಗಿಸ್ಬೇಡಿ, ಕಣ್ಣು ಮಾತ್ರ ಕೆಳಗಿಳಿಸಿ. ಹಿಂಬದಿ ತಿರುಗ್ಸಿ ಸಣ್ಣದು ಓದಿ.’

ಮೇಷ್ಟ್ರು ಕಣ್ಣು ಇಳಿಸಿದರು, ಇನ್ನೂ ಇಳಿಸಿದರು, ಸರಿಯಾದ ಜಾಗ ಸಿಕ್ಕಿತು. ‘ಓಹೋ!’ ಎಂದು ಕೂಗಿಕೊಂಡರು. ಎಷ್ಟು ವರ್ಷದ ಮೇಲೆ ಇಷ್ಟು ಸಣ್ಣಕ್ಷರ ಕಂಡಿತೋ, ಪಾಠ ಒಪ್ಪಿಸುವ ಹುಡುಗನ ಹಾಗೆ ಅಂಗಡಿಗೆಲ್ಲ ಕೇಳುವಂತೆ ಓದತೊಡಗಿದರು: ‘ಶೂನ್ಯ ಬಡ್ಡಿಯು ಹೊಸ ಖರೀದಿಗಳಿಗೆ ಮಾತ್ರ ಅನ್ವಯಿಸುತ್ತದೆ! ಬೇರೆ ಕಾರ್ಡಿನಿಂದ ವರ್ಗಾಯಿಸಿದ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರರಂತೆ ಮೊದಲ ದಿನದಿಂದಲೇ ಬಡ್ಡಿ! ವರ್ಗಾವಣೆ ಶುಲ್ಕ ನೂರಕ್ಕೆ ಐದು! ಆಹಾ, ಏನು ಸ್ಪಷ್ಟ! ಇನ್ನೂ ಓದ್ಲಾ?’

‘ಓದಿ ಸಾರ್,’ ಎಂದೆ.

‘ಒಂದು ಕಂತು ತಪ್ಪಿದಲ್ಲಿ ಎಲ್ಲ ರಿಯಾಯಿತಿಗಳೂ ರದ್ದು! ಭಲೇ! ಬಹಳ ಚೆನ್ನಾಗಿದೆಯಮ್ಮ ಕೆಲಸ, ನಿನ್ನ ಕೈಗೆ ಒಳ್ಳೇದಾಗ್ಲಿ.’

ಆ ಕರಪತ್ರವನ್ನು ನಾನು ಹತ್ತು ಸಲ ನೋಡಿದ್ದೆ. ದಿನಕ್ಕೆ ಮೂವತ್ತು ಜನರಿಗೆ ಸಣ್ಣಕ್ಷರ ಓದಿ ಎನ್ನುವವಳು ನಾನು.

ಹತ್ತಿರದ ಬೆಂಚಿನಲ್ಲಿ ಕುಳಿತು ಊಟದ ಹೊತ್ತಿನಲ್ಲಿ ಬೂದು ಕಾರ್ಡಿನ ಹಿಂಬದಿಯನ್ನೂ ಓದಿದೆ, ಎರಡು ಸಲ. ಅದರಲ್ಲಿ ಎತ್ತಿ ಹಾಕಿದ ಸಾಲಕ್ಕೇ ಶೂನ್ಯ, ಹೊಸದಾಗಿ ಏನಾದರೂ ಕೊಂಡರೆ ಅದಕ್ಕೆ ಬಡ್ಡಿ. ಅಂದರೆ ಆ ಕಾರ್ಡನ್ನು ಉಜ್ಜಲೇಬಾರದು. ಡ್ರಾಯರಿನಲ್ಲಿ ಮಲಗಿಸಿ, ತಿಂಗಳ ಕಂತು ತಪ್ಪಿಸದೆ ಕಟ್ಟಬೇಕು. ಹೌದು, ಗೋಡೆಯ ಹಾಗೇ ಇದೆ. ಒರಗಬಹುದು.

ಮಾರ್ಚ್ 22, ಶನಿವಾರ

ಗುಬ್ಬಿ ಕಾರ್ಡು ಬೇಡ ಎಂದು ನಿನ್ನೆ ಒತ್ತಿದೆ. ‘ನಿಜವಾಗಿಯೂ ಗುಬ್ಬಿಯನ್ನು ಬಿಟ್ಟು ಹೋಗುತ್ತೀರಾ?’ ಎಂದು ಕೇಳಿತು ಪರದೆ, ಕೆಳಗೆ ಗುಬ್ಬಿಯ ಸಪ್ಪೆ ಮುಖ. ನನಗೆ ನಗು ಬಂತು.

ಇವತ್ತು ಬೂದು ಬ್ಯಾಂಕಿಗೆ ಹೋದೆ. ಮೇಡಂ ಫೋನಿನಲ್ಲಿ ಕೇಳಿದ್ದಕ್ಕಿಂತ ಚಿಕ್ಕವರು, ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಐದು ಗುರುತಿನ ಕಾರಣದಿಂದ ಐವತ್ತು ಸಾವಿರ ಮಾತ್ರ ಕೊಡಬಹುದು ಎಂದರು. ಶುಲ್ಕ ಒಂದೂವರೆ ಸಾವಿರ ಸೇರಿ ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ನಾಲ್ಕು ಸಾವಿರದ ಮುನ್ನೂರು. ನಾನು ಹುಣಸೆಹಣ್ಣು ತೊಳೆಯುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ದುಡ್ಡಿನಲ್ಲಿ! ಅದೇ ದುಡ್ಡು, ಅದೇ ಕೈ. ಆದರೆ ಇಲ್ಲಿ ಸಾಲ ತೀರುತ್ತದೆ.

‘ಮಿಕ್ಕ ಮೂವತ್ನಾಲ್ಕು?’ ಎಂದು ಕೇಳಿದರು ಮೇಡಂ.

‘ನೋಡ್ತೀನಿ.’

‘ಯಾರಾದ್ರೂ ನಿಮಗೆ ಕೊಡ್ಬೇಕಾದವ್ರು ಇದಾರಾ?’

‘ಇದಾರೆ. ಕೇಳಕ್ಕಾಗಲ್ಲ.’

‘ಯಾಕೆ?’

ಆ ‘ಯಾಕೆ’ಯನ್ನು ಹೊತ್ತುಕೊಂಡೇ ಮನೆಗೆ ಬಂದೆ.

ಮಾರ್ಚ್ 25, ಮಂಗಳವಾರ

ಅಕ್ಕ ಅಂಗಡಿ ತೋರಿಸಲು ಕರೆದೊಯ್ದಳು. ಉದ್ದದ ಖಾಲಿ ಕೋಣೆ, ನೆಲಕ್ಕೆ ಸುಣ್ಣದ ಚುಕ್ಕೆ, ಕಿಟಕಿಯಿಂದ ಬಸ್ಸಿಗೆ ಕಾಯುವವರ ತಲೆಗಳು ಸಾಲಾಗಿ ಕಾಣುತ್ತವೆ. ‘ನೋಡೇ, ಎಲ್ಲ ನಮ್ಮ ಗಿರಾಕಿಗಳೇ. ಆ ನೀಲಿ ಅಂಗಿಯವ್ರಿಗೆ ಹಿಂದೆ ಯಾರೋ ಓರೆಯಾಗಿ ಕತ್ತರಿಸಿದಾರೆ, ಪಾಪ,’ ಎಂದು ನಕ್ಕಳು. ತೋಳು ಚಾಚಿ ಗೋಡೆ ಅಳೆದಳು. ಇಲ್ಲಿ ಕನ್ನಡಿ, ಇಲ್ಲಿ ಕುರ್ಚಿ, ಇಲ್ಲಿ ತನಗೊಂದು ಸ್ಟೂಲು. ‘ಮಧ್ಯೆ ಮಧ್ಯೆ ಕೂತ್ಕೋಬಹುದು ಕಣೇ! ಕೂತ್ಕೊಂಡ್ರೆ ಯಾರೂ ಗದರಲ್ಲ!’

ಕುಳಿತುಕೊಳ್ಳುವುದೇ ಅವಳ ಕನಸು ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತೇವೆ.

ಅಲ್ಲೇ ಹೇಳಿಬಿಟ್ಟೆ. ಸಾಲ, ಟಿಕೆಟ್ಟು, ಐದು ಅರ್ಜಿ. ಸದ್ಯಕ್ಕೆ ನನ್ನ ಸಹಿಗೆ ಬೆಲೆಯಿಲ್ಲ ಎಂದೆ.

ಅಕ್ಕ ಚಾಚಿದ್ದ ತೋಳನ್ನು ನಿಧಾನವಾಗಿ ಇಳಿಸಿದಳು. ‘ನಿನ್ನೆ ಮೊನ್ನೆ ಕೂಡ ಸುಮ್ನಿದ್ದೆಯಲ್ಲೇ. ನಾನು ಮುಂಗಡ ಕೊಟ್ಟಾಗ್ಲೂ ಸುಮ್ನಿದ್ದೆ.’

‘ಸರಿ ಮಾಡಿಬಿಡ್ತೀನಿ ಅಂದ್ಕೊಂಡೆ.’

‘ಇಪ್ಪತ್ತು ಜನಕ್ಕೆ ಟಿಕೆಟ್ ತೆಗೆದುಕೊಟ್ಟೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಹೇಳಲ್ಲ ದೊಡ್ಡೋರು.’ ಬೀಗ ಹಾಕುವಾಗ ಕೀಲಿ ಎರಡು ಸಲ ತಪ್ಪಿತು. ನಾನು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

ಮಾರ್ಚ್ 28, ಶುಕ್ರವಾರ

ಅಕ್ಕ ಮಾತಾಡುತ್ತಿಲ್ಲ. ‘ನೀರು ಬಂತು’, ‘ದೀಪ ಆರಿಸು’, ಅಷ್ಟೇ.

ಮಾರ್ಚ್ 30, ಭಾನುವಾರ

ಮಾಲೀಕಮ್ಮನ ಹತ್ತಿರ ನಾನೇ ಹೋದೆ, ಅಕ್ಕನಿಗೆ ಹೇಳದೆ. ಎಲ್ಲ ಇದ್ದ ಹಾಗೇ ಹೇಳಿದೆ. ಅವರು ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡರು.

‘ಐವತ್ತು ಆ ಬೂದು ಕಾರ್ಡಲ್ಲಿರ್ಲಿ, ಅದಕ್ಕೆ ಲೆಕ್ಕ ಇದೆ, ಗಡುವಿದೆ. ಹಳೇದಿದೆಯಲ್ಲ, ಬೆಳೀತಾನೇ ಇರೋದು, ಅದು ಮುಚ್ಚಿದೆ ಅಂತ ಬ್ಯಾಂಕಿನ ಚೀಟಿ ತಂದ್ಕೊಡು, ನಿನ್ನ ಜಾಮೀನೇ ಒಪ್ಕೋತೀನಿ. ಹತ್ತನೇ ತಾರೀಕಿನೊಳಗೆ. ಆಮೇಲೆ ಬೇರೆಯವ್ರಿಗೆ ಕೊಡ್ತೀನಿ, ನನಗೂ ಮನೆ ನಡೀಬೇಕು.’

ಬಾಗಿಲವರೆಗೆ ಬಂದು, ‘ನಿಮ್ಮಕ್ಕ ಕಟಿಂಗ್ ಚೆನ್ನಾಗಿ ಮಾಡ್ತಾಳಾ?’ ಎಂದರು.

‘ನನ್ನ ತಲೆ ನೋಡಿ.’

‘ಹೂಂ,’ ಎಂದು ಸುತ್ತ ತಿರುಗಿ ನೋಡಿದರು. ‘ತಲೆ ಹೊರಗಡೆ ಚೆನ್ನಾಗೇ ಇದೆ.’

ಏಪ್ರಿಲ್ 4, ಶುಕ್ರವಾರ

ಬೂದು ಕಾರ್ಡಿನಿಂದ ಐವತ್ತು ಸಾವಿರ ಹಳೆಯದಕ್ಕೆ ಹೋಯಿತು. ಮುಂದಿನ ಕಾರ್ಯಕ್ರಮಕ್ಕೆ ಎಂದು ಕೂಡಿಟ್ಟಿದ್ದ ಒಂಬತ್ತನ್ನೂ ಹಾಕಿದೆ. ಹಾಕುವಾಗ ಏನೋ ಅನ್ನಿಸಬೇಕಿತ್ತು, ಆದರೆ ಅದೇ ಹೊತ್ತಿಗೆ ಒಬ್ಬ ಗಿರಾಕಿಯ ಕನ್ನಡಕದ ಮೂಗಿನ ಪಟ್ಟಿ ಕಳಚಿಬಿದ್ದು ಹುಡುಕುತ್ತಿದ್ದೆ. ಉಳಿದದ್ದು ಇಪ್ಪತ್ತೈದು.

ಕೊಡಬೇಕಾದವರಿಗೆ ಒಬ್ಬೊಬ್ಬರಿಗೇ ಬರೆದೆ. ಬರೆದದ್ದು ಎರಡೇ ಸಾಲು: ಇಷ್ಟು ಬರಬೇಕು, ಎಂಟನೇ ತಾರೀಕಿನೊಳಗೆ ಬೇಕು. ಮೊದಲಿನ ಹಾಗೆ ಮೂರು ಹೂವು, ಎರಡು ‘ಸಾರಿ’, ‘ತೊಂದ್ರೆ ಇಲ್ಲ ಅಂದ್ರೆ ಮಾತ್ರ’ ಎಲ್ಲ ಹಾಕಲಿಲ್ಲ. ಸೈಲೆಂಟ್ ಕೂಡಲೇ ಕಳಿಸಿದಳು. ‘ನೀವು ಕೇಳ್ಲೇ ಇಲ್ವಲ್ಲ, ಕೊಟ್ಟಾಗಿದೆ ಅಂದ್ಕೊಂಡೆ, ಕ್ಷಮಿಸಿ.’ ಡ್ರಮ್ಮು ಸಂಜೆ ಅಂಗಡಿಗೇ ಬಂದು ಕೊಟ್ಟ. ‘ಆ ಸ್ನೇಹಿತೆ ನೀವೇ ಅಂತ ಅವತ್ತೇ ಗೊತ್ತಾಗಿತ್ತು ಖಜಾಂಚಿ. ಯಾರಿಗಾದ್ರೂ ಸ್ನೇಹಿತೆ ಸಾಲದ ಮೇಲೆ ಅಷ್ಟು ಅಕ್ಕರೆ ಇರುತ್ತಾ?’ ಎಂದ. ಇನ್ನಿಬ್ಬರು ಕೊಟ್ಟರು. ಮೂವರು ಏನೂ ಹೇಳದೆ ಗುಂಪನ್ನೇ ಬಿಟ್ಟುಹೋದರು, ಅವರ ಆರು ಸಾವಿರ ಮುಳುಗಿತು ಎಂದೇ ಲೆಕ್ಕ. ಬಂದದ್ದು ಹನ್ನೊಂದು.

ಗುಬ್ಬಿಯ ಹೊಸ ಆಲ್ಬಂ ಬಂದು ವಾರವಾಯಿತಂತೆ. ಡ್ರಮ್ಮು ಹೇಳಿದ.

ಏಪ್ರಿಲ್ 8, ಮಂಗಳವಾರ

ಇನ್ನು ಉಳಿದದ್ದು ಹದಿನಾಲ್ಕು, ಅದಿಷ್ಟೂ ಅಡ್ಮಿನ್ ಅಣ್ಣನದು. ಮೊದಲ ಸಾಲಿನ ನಾಲ್ಕು ಟಿಕೆಟ್ಟು, ಅವರ ಮನೆಯವರಿಗೂ ಸೇರಿಸಿ. ನಾಲ್ಕು ದಿನದಿಂದ ನನ್ನ ಸಂದೇಶ ಓದಿ ಸುಮ್ಮನಿದ್ದರು.

ಇವತ್ತು ನನಗೆ ರಜೆ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದೆ, ಅಕ್ಕ ತಾನಾಗೇ ಬಂದು ಹೆಗಲಿಗೆ ಟವೆಲ್ ಹೊದಿಸಿದಳು. ‘ಮಾಲೀಕಮ್ಮ ಎಲ್ಲ ಹೇಳಿದ್ರು. ಅವ್ರ ಹತ್ರ ತೋರಿಸೋ ತಲೆ ಇದಾ? ತುದಿ ನೋಡು, ಪೊರಕೆ,’ ಎಂದು ಕತ್ತರಿ ತೆಗೆದುಕೊಂಡಳು. ಹದಿನಾಲ್ಕು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು.

ಆಗಲೇ ಅಡ್ಮಿನ್ ಅಣ್ಣನ ಉತ್ತರ ಬಂತು. ನನಗಲ್ಲ, ಇಡೀ ಗುಂಪಿಗೆ. ‘ಕೆಲವ್ರು ಈಗ ದುಡ್ಡು ದುಡ್ಡು ಅಂತಿದಾರೆ. ಬೇಜಾರಾಗುತ್ತೆ. ಮಾಡಿದ್ದೆಲ್ಲ ಗುಬ್ಬಿಗೋಸ್ಕರ. ಪ್ರೀತಿಗೆ ಯಾರಾದ್ರೂ ಲೆಕ್ಕ ಹಾಕ್ತಾರಾ?’ ಅದರ ಕೆಳಗೆ ಒಂದರ ಮೇಲೊಂದು ಹೃದಯಗಳು.

ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ‘ಯಾರೇ ಇವ್ನು? ಎಷ್ಟು ಚೆನ್ನಾಗಿ ಮಾತಾಡ್ತಾನೆ!’

‘ಹದಿನಾಲ್ಕು ಸಾವಿರದವ್ನು.’

ಅಕ್ಕನ ಕತ್ತರಿ ನಿಂತಿತು. ಆಮೇಲೆ ನಗು ಬಂತು ಅವಳಿಗೆ, ತಡೆಯಲಾರದ ನಗು, ನನ್ನ ತಲೆಗೇ ಹಣೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಮೆಲ್ಲಗೆ, ‘ಕುರ್ಚಿಗೆ ಅಂತ ಇಟ್ಟಿರೋದು ಇದೆ. ತಗೋ ಬಿಡು ಪುಟ್ಟಿ, ನಾನು ನಿಂತ್ಕೊಂಡೇ ಶುರು ಮಾಡ್ತೀನಿ’ ಎಂದಳು.

‘ಬೇಡ,’ ಎಂದೆ. ‘ನೀನು ಕೂತ್ಕೋಬೇಕು.’

ಟವೆಲಿನ ಕೆಳಗಿಂದ ಕೈ ತೆಗೆದು, ಕೂದಲು ಉದುರಿದ ಪರದೆಯನ್ನು ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಗುಂಪಿನಲ್ಲೇ ಬರೆದೆ. ಹೂವಿಲ್ಲ, ಹೃದಯವಿಲ್ಲ. ಕಳಿಸುವ ಮೊದಲು ಅಕ್ಕನಿಗೂ ಓದಿ ಹೇಳಲಿಲ್ಲ:

‘ಲೆಕ್ಕ ಹಾಕೋ ಕಷ್ಟ ನಿಮಗೆ ಬೇಡ ಅಣ್ಣ, ನಾನೇ ಹಾಕಿದೀನಿ, ಹದಿನಾಲ್ಕು ಸಾವಿರ. ಇವತ್ತೇ ಪ್ರೀತಿಯಿಂದ ಕಳಿಸ್ತೀರಾ, ಇಲ್ಲಾ ನಾಳೆ ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ನಾನೂ ನಮ್ಮಕ್ಕನೂ ನಿಮ್ಮ ಕೌಂಟರ್ ಮುಂದೆ ಬಂದು ನಿಂತ್ಕೋಬೇಕಾ?’